ಸೆರಗಿನ ಮೇಲಿನ ಗೋಪುರ: ಗಡಿನಾಡಿನ ಕಸೂತಿ ಕಲೆ

ಮಕರ ಸಂಕ್ರಾಂತಿಯ ಹೊತ್ತಿಗೆ ಸೊಲ್ಲಾಪುರದ ಸಿದ್ಧರಾಮೇಶ್ವರನ ಜಾತ್ರೆಗೆ ಹೋದ ಭಕ್ತರ ಕಣ್ಣಿನಲ್ಲಿ ಎರಡು ಬಣ್ಣಗಳು ಉಳಿದುಬಿಡುತ್ತವೆ. ಒಂದು ಬಿಳುಪು. ಹನ್ನೆರಡನೆಯ ಶತಮಾನದ ಆ ಶಿವಯೋಗಿಯ ಯೋಗದಂಡದ ಕುರುಹಾದ ನಂದಿಧ್ವಜಗಳನ್ನು ಹೊತ್ತು ನಡೆಯುವವರೂ ಅವರ ಹಿಂದೆ ಮುಂದೆ ಸಾಗುವವರೂ ಬಿಳಿಯ ಬಾರಾಬಂದಿ ತೊಟ್ಟು ಬೀದಿಯನ್ನೇ ಬೆಳ್ಳಗೆ ಮಾಡುತ್ತಾರೆ. ಇನ್ನೊಂದು ಬಣ್ಣ ಕಪ್ಪು. ವರ್ಷದ ಉಳಿದೆಲ್ಲ ಶುಭಕಾರ್ಯಗಳಲ್ಲಿ ದೂರವಿಡುವ ಈ ಬಣ್ಣವನ್ನು ಸಂಕ್ರಾಂತಿಯಂದು ಮಾತ್ರ ಈ ಭಾಗದ ಹೆಣ್ಣುಮಕ್ಕಳು ಹುಡುಕಿ ಉಡುತ್ತಾರೆ. ಹೊಸದಾಗಿ ಮದುವೆಯಾದವಳಿಗೆ ಮೊದಲ ಸಂಕ್ರಾಂತಿಗೆ ಕಪ್ಪು ಸೀರೆ ಉಡಿಸುವುದು ಕನ್ನಡ, ಮರಾಠಿ ಎರಡೂ ಮನೆಗಳಲ್ಲಿ ನಡೆದು ಬಂದ ಪದ್ಧತಿ. ಕನ್ನಡದಲ್ಲಿ ಅದಕ್ಕೆ ಚಂದ್ರಕಾಳಿ ಸೀರೆ ಎಂದು ಹೆಸರು, ಮರಾಠಿಯಲ್ಲಿ ಚಂದ್ರಕಳಾ. ಇರುಳಿನ ಆಕಾಶದ ಬಣ್ಣದ ಬಟ್ಟೆಗೆ ಚಂದ್ರನ ಹೆಸರನ್ನಿಟ್ಟವರು ಯಾರೋ, ಅವರ ರಸಿಕತೆಯನ್ನು ಮೆಚ್ಚಲೇಬೇಕು.

ಅಂಥ ಹಳೆಯ ಚಂದ್ರಕಾಳಿ ಸೀರೆಯೊಂದನ್ನು ಹತ್ತಿರದಿಂದ ನೋಡಿದರೆ ಇನ್ನೊಂದು ಜಾತ್ರೆಯೇ ಕಾಣುತ್ತದೆ. ಸೆರಗಿನ ಅಂಚಿನಲ್ಲಿ ಗೋಪುರಗಳ ಸಾಲು. ಅದರ ಪಕ್ಕದಲ್ಲಿ ತೇರು, ಪಲ್ಲಕ್ಕಿ, ಅಂಬಾರಿ ಹೊತ್ತ ಆನೆ. ಸ್ವಲ್ಪ ಈಚೆಗೆ ನಂದಿ, ತುಳಸಿ ಕಟ್ಟೆ, ಶಂಖ, ದೀಪ. ಅವುಗಳ ನಡುವೆ ನವಿಲು, ಗಿಳಿ, ಹಂಸ, ಜಿಂಕೆ, ಕಮಲ, ಮಕ್ಕಳ ತೊಟ್ಟಿಲು. ಸೆರಗಿನ ಹತ್ತಿರ ದೊಡ್ಡದಾಗಿರುವ ಚಿತ್ರಗಳು ಒಡಲಿನ ಕಡೆಗೆ ಸರಿದಂತೆ ಚಿಕ್ಕದಾಗುತ್ತ ಹೋಗಿ ಕೊನೆಗೆ ಬರಿಯ ಚುಕ್ಕಿಗಳಾಗಿ, ನಕ್ಷತ್ರಗಳಾಗಿ ಮುಗಿಯುತ್ತವೆ. ಇವೆಲ್ಲವೂ ಮಗ್ಗದಲ್ಲಿ ಮೂಡಿದವಲ್ಲ, ಅಚ್ಚೊತ್ತಿದವೂ ಅಲ್ಲ. ಒಬ್ಬ ಹೆಣ್ಣುಮಗಳು ತಿಂಗಳುಗಟ್ಟಲೆ ಕುಳಿತು, ಬಟ್ಟೆಯ ಎಳೆಗಳನ್ನು ಒಂದೊಂದಾಗಿ ಎಣಿಸಿ ಸೂಜಿಯಿಂದ ಬಿಡಿಸಿದವು. ಇದೇ ಕಸೂತಿ.

ಕಸೂತಿ ಎಂಬ ಮಾತು ಕೈ ಮತ್ತು ಸೂತಿ, ಅಂದರೆ ಹತ್ತಿಯ ನೂಲು, ಇವೆರಡರಿಂದ ಆಯಿತೆಂದು ಸಾಮಾನ್ಯವಾಗಿ ಹೇಳುವುದುಂಟು. ಸೂಜಿಕೆಲಸಕ್ಕೆ ಫಾರಸಿ ಮೂಲದ ಕಶೀದಾ ಎಂಬ ಮಾತೂ ಬಳಕೆಯಲ್ಲಿದೆ. ಹೆಸರಿನ ಚರ್ಚೆ ಏನೇ ಇರಲಿ, ಈ ಕೆಲಸದ ನೆಲೆ ಮಾತ್ರ ಸ್ಪಷ್ಟ. ಧಾರವಾಡ, ಬೆಳಗಾವಿ, ವಿಜಾಪುರ, ಜಮಖಂಡಿ, ಮೀರಜ್, ಸಾಂಗಲಿ ಎಂಬ ಊರುಗಳನ್ನು ಒಂದು ಗೆರೆಯಿಂದ ಸುತ್ತಿದರೆ ಅದರೊಳಗೆ ಬರುವ ನಾಡೇ ಕಸೂತಿಯ ನಾಡು. ಇವುಗಳಲ್ಲಿ ಕೆಲವು ಈಗ ಕರ್ನಾಟಕದಲ್ಲಿವೆ, ಕೆಲವು ಮಹಾರಾಷ್ಟ್ರದಲ್ಲಿವೆ. ಸೂಜಿ ಹಿಡಿದವರಿಗೆ ಆ ಗೆರೆ ಗೊತ್ತಿರಲಿಲ್ಲ, ಏಕೆಂದರೆ ಆಗ ಆ ಗೆರೆಯೇ ಇರಲಿಲ್ಲ. 1948ರವರೆಗೆ ಅಕ್ಕಲಕೋಟೆ ಒಂದು ಸಂಸ್ಥಾನ, ಜತ್ತ ಇನ್ನೊಂದು, ಜಮಖಂಡಿ ಮತ್ತೊಂದು. ಧಾರವಾಡ, ಬೆಳಗಾವಿ, ವಿಜಾಪುರ, ಸೊಲ್ಲಾಪುರಗಳೆಲ್ಲ ಒಂದೇ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಎಲ್ಲೆ ಹೊಸದಾಗಿ ಬಿದ್ದಾಗ ಒಂದೇ ಬಗೆಯ ಸೀರೆ ಉಡುವ ಬೀಗರು ಎರಡು ರಾಜ್ಯದವರಾದರು.

ಆ ಸೀರೆಯ ಬಗ್ಗೆ ಎರಡು ಮಾತು ಹೇಳದೆ ಕಸೂತಿಯ ಕಥೆ ಮುಂದಕ್ಕೆ ಹೋಗುವುದಿಲ್ಲ. ಈಗಿನ ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ನೇಯುವ ಸೀರೆಗೆ ಕನ್ನಡದವರು ಇಳಕಲ್ ಸೀರೆ ಎಂದರೆ ಮರಾಠಿಯವರು ಇರಕಲಿ ಎನ್ನುತ್ತಾರೆ. ಒಡಲು ಸಾಮಾನ್ಯವಾಗಿ ಹತ್ತಿ, ದಡಿ ಮತ್ತು ಸೆರಗು ರೇಷ್ಮೆ. ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಎರಡನ್ನೂ ಮಗ್ಗದ ಮೇಲೆಯೇ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುವುದು ಇಳಕಲ್ಲಿನ ನೇಕಾರರ ವಿಶೇಷ ಜಾಣ್ಮೆ. ಕೆಂಪು ಸೆರಗಿನ ಮೇಲೆ ಬಿಳಿಯ ಬಣ್ಣದಲ್ಲಿ ಮೂಡುವ ಆಕಾರಗಳ ಹೆಸರು ಕೇಳಿದರೆ ಅವು ಈ ಬಯಲುಸೀಮೆಯ ಹೊಲಮನೆಗಳಿಂದಲೇ ಬಂದವೆಂದು ತಿಳಿಯುತ್ತದೆ. ತೋಪು ತೆನಿ ಎಂದರೆ ಜೋಳದ ತೆನೆ, ಕೋಟೆ ಕಮ್ಮಲಿ ಎಂದರೆ ಕೋಟೆಯ ತೆನೆಗೋಡೆ, ಹಣಿಗೆ ಎಂದರೆ ಬಾಚಣಿಗೆ. ಇದಕ್ಕೆ ಜೊತೆಯಾಗಿ ಕುಪ್ಪಸಕ್ಕೆ ಗುಳೇದಗುಡ್ಡದ ಖಣ. ದೇವಿಗೆ ಉಡಿ ತುಂಬುವಾಗ ತೆಂಗಿನಕಾಯಿ, ಅಕ್ಕಿ, ಅರಿಷಿಣದ ಕೊಂಬಿನ ಜೊತೆಗೆ ಇಡುವ ಖಣವೂ ಇದೇ.

ನೇಕಾರನ ಕೆಲಸ ಮುಗಿದಲ್ಲಿ ಕಸೂತಿಯವಳ ಕೆಲಸ ಆರಂಭ. ಮಗ್ಗದಿಂದ ಇಳಿದ ಸೀರೆಯ ಹಾಸು ಹೊಕ್ಕುಗಳೇ ಅವಳ ಚೌಕಳಿ ಹಾಳೆ. ಬೇರೆ ಸೀಮೆಯ ಎಷ್ಟೋ ಸೂಜಿಕೆಲಸಗಳಲ್ಲಿ ಮೊದಲು ಬಟ್ಟೆಯ ಮೇಲೆ ಚಿತ್ರ ಬರೆದುಕೊಂಡು ಆಮೇಲೆ ಆ ಗೆರೆಯ ಮೇಲೆ ದಾರ ಎಳೆಯುತ್ತಾರೆ. ಕಸೂತಿಯಲ್ಲಿ ಬರೆಯುವ ಮಾತೇ ಇಲ್ಲ. ನಾಲ್ಕು ಎಳೆ ದಾಟಿ ಸೂಜಿ ಕೆಳಗೆ ಹೋದರೆ ಇನ್ನು ನಾಲ್ಕು ಎಳೆ ದಾಟಿ ಮೇಲೆ ಬರಬೇಕು. ಎಲ್ಲ ಎಣಿಕೆಯೂ ಮನಸ್ಸಿನಲ್ಲಿ. ಬುಡದಲ್ಲಿ ಒಂದು ಎಳೆ ತಪ್ಪಿದರೆ ತುದಿಯಲ್ಲಿ ಕಳಸ ನಡುವಿಗೆ ಬಂದು ಕೂಡುವುದಿಲ್ಲ. ಆಗ ಮಾಡಿದ್ದನ್ನೆಲ್ಲ ಬಿಚ್ಚಬೇಕು.

ಕಸೂತಿಯ ಹೊಲಿಗೆಗಳು ನಾಲ್ಕು: ಗವಂತಿ, ಮುರಗಿ, ನೇಯ್ಗೆ, ಮೆಂತೆ. ಇವುಗಳಲ್ಲಿ ಗವಂತಿಯೇ ತಾಯಿಬೇರು. ಗಂಟು ಎಂಬ ಮಾತಿನಿಂದ ಗವಂತಿ ಬಂದಿತೆನ್ನುತ್ತಾರೆ. ಸೋಜಿಗವೆಂದರೆ ಇದರಲ್ಲಿ ಗಂಟು ಹಾಕುವುದೇ ನಿಷಿದ್ಧ. ಸೂಜಿ ಗೆರೆಯುದ್ದಕ್ಕೂ ಒಂದು ಬಿಟ್ಟು ಒಂದರಂತೆ ಹೊಲಿಗೆ ಹಾಕುತ್ತ ಹೋಗುತ್ತದೆ. ಹೋದಷ್ಟು ದೂರ ಹೋಗಿ ಅದೇ ದಾರಿಯಲ್ಲಿ ತಿರುಗಿ ಬರುತ್ತ, ಹೋಗುವಾಗ ಬಿಟ್ಟ ತೆರಪುಗಳನ್ನು ತುಂಬುತ್ತದೆ. ಹೋಗುವಾಗ ಬಟ್ಟೆಯ ಮೇಲೆ ಕಂಡದ್ದು ಬರುವಾಗ ಕೆಳಗೆ, ಹೋಗುವಾಗ ಕೆಳಗಿದ್ದದ್ದು ಬರುವಾಗ ಮೇಲೆ. ಹೀಗಾಗಿ ಕೆಲಸ ಮುಗಿದ ಮೇಲೆ ಬಟ್ಟೆಯ ಮುಂಬದಿ ಯಾವುದು, ಹಿಂಬದಿ ಯಾವುದು ಎಂದು ಹೇಳಲು ಬರುವುದಿಲ್ಲ. ಎರಡು ಕಡೆಯೂ ಅದೇ ಗೋಪುರ, ಅದೇ ತೇರು. ದಾರ ಹೊರಟ ಕಡೆಗೇ ಬಂದು ಮುಟ್ಟುವುದರಿಂದ ಮೊದಲ ತುದಿ, ಕೊನೆಯ ತುದಿ ಎರಡನ್ನೂ ಹೊಲಿಗೆಯ ಒಳಗೇ ಅಡಗಿಸಿಬಿಡುತ್ತಾರೆ.

ಹೇಳುವುದಕ್ಕೆ ಸುಲಭವೆನಿಸುವ ಈ ಕ್ರಮವನ್ನು ತೇರಿನಂಥ ಆಕೃತಿಗೆ ಅನ್ವಯಿಸಿ ನೋಡಿದರೆ ಅದರ ಕಷ್ಟ ಅರ್ಥವಾಗುತ್ತದೆ. ತೇರಿಗೆ ನಾಲ್ಕಾರು ಅಂತಸ್ತು, ಪ್ರತಿ ಅಂತಸ್ತಿಗೂ ಕವಲು, ಕವಲಿಗೆ ತೋರಣ, ತುದಿಗೆ ಕಳಸ, ಕೆಳಗೆ ಗಾಲಿ. ಯಾವ ಕವಲನ್ನು ಹೋಗುವಾಗ ಮುಗಿಸಬೇಕು, ಯಾವುದನ್ನು ಬರುವಾಗ ಹಿಡಿಯಬೇಕು ಎಂಬುದನ್ನು ಮೊದಲ ಹೊಲಿಗೆಗೆ ಮುಂಚೆಯೇ ನಿರ್ಧರಿಸಿರಬೇಕು. ಎಲ್ಲಿಯೂ ಒಂದು ಗೆರೆ ಎರಡು ಸಲ ತುಂಬಬಾರದು, ಎಲ್ಲಿಯೂ ಬಿಟ್ಟು ಹೋಗಬಾರದು, ದಾರ ಬಟ್ಟೆಯ ಹಿಂದೆ ಅಡ್ಡದಿಡ್ಡಿ ಹಾರಬಾರದು. ಒಂದು ಆಕೃತಿಯ ಎಲ್ಲ ಗೆರೆಗಳನ್ನೂ ಹೀಗೆ ಒಂದೇ ಪಯಣದಲ್ಲಿ ಮುಟ್ಟಿ ಬರಬಹುದೇ ಎಂಬ ಪ್ರಶ್ನೆಯನ್ನು ಯುರೋಪಿನಲ್ಲಿ ಆಯ್ಲರ್ ಎಂಬ ಮಹಾಗಣಿತಜ್ಞ 1736ರಲ್ಲಿ ಒಂದು ಊರಿನ ಸೇತುವೆಗಳ ಸಮಸ್ಯೆಯಾಗಿ ಎತ್ತಿಕೊಂಡು ಬಿಡಿಸಿದನು. ಅದರಿಂದ ಗಣಿತದ ಹೊಸ ಶಾಖೆಯೊಂದು ಹುಟ್ಟಿತು. ಪ್ರತಿ ದಾರಿಯನ್ನೂ ಎರಡು ಸಲ ನಡೆದರೆ ಹೊರಟ ಕಡೆಗೇ ತಪ್ಪದೆ ಬಂದು ಸೇರಬಹುದೆಂಬುದು ಆ ಶಾಸ್ತ್ರದ ಮೊದಲ ಪಾಠಗಳಲ್ಲಿ ಒಂದು. ಗವಂತಿ ಹಾಕುವವರು ಆ ಪಾಠವನ್ನು ಶಾಲೆಗೆ ಹೋಗದೆ, ಪಡಸಾಲೆಯಲ್ಲಿ ಅತ್ತೆಯ ಪಕ್ಕದಲ್ಲಿ ಕುಳಿತು ಕಲಿತವರು.

ಮುರಗಿಯ ಕ್ರಮವೂ ಇದೇ. ಗವಂತಿ ನೇರ, ಅಡ್ಡ, ಓರೆ ಗೆರೆಗಳಲ್ಲಿ ಹರಿದರೆ ಮುರಗಿ ಮೆಟ್ಟಿಲಿನಂತೆ ಮುರಿಮುರಿದು ಏರುತ್ತದೆ. ಇದೂ ಎರಡು ಬದಿಗೂ ಒಂದೇ ತೆರ. ನೇಯ್ಗೆ ಹೊಲಿಗೆ ಹೆಸರೇ ಹೇಳುವಂತೆ ಮಗ್ಗದ ನೇಯ್ಗೆಯ ಅನುಕರಣೆ. ಉದ್ದ, ಗಿಡ್ಡ ಎಳೆಗಳನ್ನು ಸಾಲಾಗಿ ಎಳೆದು ಬಟ್ಟೆಯಲ್ಲೇ ನೇಯ್ದಂತೆ ತೋರಿಸುತ್ತದೆ. ಮೆಂತೆ ಮಾತ್ರ ಅಡ್ಡ ಕತ್ತರಿ ಹೊಲಿಗೆ. ಮೆಂತೆಕಾಳು ಚೆಲ್ಲಿದಂತೆ ಕಾಣುವುದರಿಂದ ಆ ಹೆಸರು. ಇದಕ್ಕೆ ದಾರ ಹೆಚ್ಚು ಬೇಕು, ಹಿಂಬದಿ ಬೇರೆಯಾಗಿಯೇ ಕಾಣುತ್ತದೆ. ದೊಡ್ಡ ಆಕೃತಿಯ ಒಡಲು ತುಂಬುವುದಕ್ಕೆ ಇದು ಒದಗುತ್ತದೆ. ಬಣ್ಣಗಳು ಹೆಚ್ಚಾಗಿ ಕೆಂಪು, ಹಸಿರು, ಹಳದಿ, ಕಿತ್ತಳೆ, ನೇರಳೆ ಮತ್ತು ಬಿಳಿ. ಕಪ್ಪು ಬಟ್ಟೆಯ ಮೇಲೆ ಇವು ಹಣತೆ ಹಚ್ಚಿದಂತೆ ಎದ್ದು ಕಾಣುತ್ತವೆ. ಆದರೆ ಕಪ್ಪು ಬಟ್ಟೆಯಲ್ಲಿ ಕಪ್ಪು ಎಳೆ ಎಣಿಸುವುದು ಎಂಥ ಕೆಲಸವೆಂಬುದನ್ನು ನೋಡುವವರು ಮರೆಯಬಾರದು. ಅಡುಗೆ, ಹೊಲ, ದನಕರು, ಮಕ್ಕಳು ಎಲ್ಲವನ್ನೂ ಮುಗಿಸಿ ಉಳಿದ ಹೊತ್ತಿನಲ್ಲಿ, ಕಂದೀಲಿನ ಬೆಳಕಿನಲ್ಲಿ ಆದ ಕೆಲಸವಿದು.

ಈ ಕೆಲಸ ಮದುವೆಯ ಸೀರೆಗೆ ಮಾತ್ರ ಮೀಸಲಾಗಿರಲಿಲ್ಲ. ಬಸುರಿಯ ಕುಬುಸಕ್ಕೆ, ಕೂಸಿನ ಕುಂಚಿಗೆಗೆ ಕಸೂತಿ ಬೇಕಾಗಿತ್ತು. ತೊಟ್ಟಿಲಿಗೆ ಹಾಕುವ ದಿನ ಕೂಸಿನ ತಲೆಯ ಮೇಲೆ ಗಿಳಿ, ನವಿಲು ಇರುವ ಕುಂಚಿಗೆ ಇಲ್ಲದಿದ್ದರೆ ತವರಿನವರಿಗೆ ಮಾತು ತಪ್ಪುತ್ತಿರಲಿಲ್ಲ.

ಕಸೂತಿಯ ಚಿತ್ರಗಳಲ್ಲಿ ದೇವರ ಮೂರ್ತಿ ಸಾಮಾನ್ಯವಾಗಿ ಕಾಣುವುದಿಲ್ಲವೆಂಬುದು ಭಕ್ತರು ಗಮನಿಸತಕ್ಕ ಸಂಗತಿ. ಗೋಪುರ ಇದೆ, ತೇರು ಇದೆ, ಪಲ್ಲಕ್ಕಿ ಇದೆ, ನಂದಿ ಇದೆ. ಇವೆಲ್ಲ ಗುಡಿಯ ಹೊರಗಿನಿಂದ, ಬೀದಿಯಲ್ಲಿ ನಿಂತವರ ಕಣ್ಣಿಗೆ ಕಾಣುವ ಸಂಗತಿಗಳು. ಜಾತ್ರೆಯ ದಿನ ತೇರು ಎಳೆಯುವ ಮಿಣಿಗೆ ಗಂಡಸರ ಕೈ. ಹೆಂಗಸರು ಕಟ್ಟೆಯ ಮೇಲೆ, ಮಾಳಿಗೆಯ ಮೇಲೆ ನಿಂತು ಉತ್ತತ್ತಿ ಬಾಳೆಹಣ್ಣು ಎಸೆದು ಕೈಮುಗಿಯುವುದು ರೂಢಿ. ಹಾಗೆ ಮಾಳಿಗೆಯಿಂದ ಕಂಡ ತೇರು ಸೆರಗಿನ ಮೇಲೆ ಬಂದಿದೆ ಎನ್ನಿಸುತ್ತದೆ. ಎಳೆಯ ಲೆಕ್ಕದಲ್ಲಿ ವೃತ್ತ ಬರುವುದಿಲ್ಲ, ಆದ್ದರಿಂದ ಗಾಲಿ ಎಂಟು ಮೂಲೆಯದಾಗುತ್ತದೆ, ನಂದಿಯ ಬೆನ್ನು ಮೆಟ್ಟಿಲಾಗುತ್ತದೆ, ನವಿಲಿನ ಗರಿ ತ್ರಿಕೋನಗಳಾಗುತ್ತದೆ. ಆದರೂ ನಂದಿ ನಂದಿಯೇ, ನವಿಲು ನವಿಲೇ. ಏನನ್ನು ಬಿಟ್ಟರೂ ಯಾವುದನ್ನು ಬಿಡಬಾರದು ಎಂಬ ವಿವೇಕ ಇಲ್ಲದೆ ಹೀಗೆ ಬಿಡಿಸಲು ಸಾಧ್ಯವಿಲ್ಲ. ಬೆಳಗಾದರೆ ಅಂಗಳದಲ್ಲಿ ಚುಕ್ಕಿ ಇಟ್ಟು ರಂಗೋಲಿ ಬಿಡಿಸುವ ಕೈಗೆ ಈ ವಿವೇಕ ಸಹಜವಾಗಿಯೇ ಬಂದಿರಬೇಕು.

ಇಷ್ಟಿದ್ದರೂ ಇದನ್ನು ಕಲೆ ಎಂದು ಕರೆಯುವುದಕ್ಕೆ ಬಹಳ ಜನ ಹಿಂದೆ ಮುಂದೆ ನೋಡುತ್ತಾರೆ. ಶಿಲ್ಪ ಕಲೆ, ಚಿತ್ರ ಕಲೆ, ಸಂಗೀತ ಕಲೆ. ಕಸೂತಿಯೋ, ಹೆಂಗಸರ ಬಿಡುವಿನ ಕೆಲಸ. ಈ ಭೇದ ಎಲ್ಲಿಂದ ಬಂತೆಂದು ವಿಚಾರಿಸಿದರೆ ಉತ್ತರ ಪ್ರಾಚೀನ ಭಾರತದಲ್ಲಿ ಸಿಕ್ಕುವುದಿಲ್ಲ. ವಾತ್ಸ್ಯಾಯನನು ಅರವತ್ತನಾಲ್ಕು ಕಲೆಗಳನ್ನು ಎಣಿಸುವಾಗ ಗೀತ, ವಾದ್ಯ, ನೃತ್ಯ, ಚಿತ್ರಗಳನ್ನು ಹೇಳಿದ ಪಟ್ಟಿಯಲ್ಲಿಯೇ ಸೂಚೀವಾನ ಕರ್ಮ, ಅಂದರೆ ಸೂಜಿಕೆಲಸವನ್ನೂ ಸೇರಿಸಿದ್ದಾನೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಈ ನಾಡನ್ನು ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಸಂಗೀತ, ಚಿತ್ರಗಳಿಗೆ ಕೊಟ್ಟಂತೆ ವಸ್ತ್ರೋಪಭೋಗಕ್ಕೂ ಪ್ರತ್ಯೇಕ ಸ್ಥಾನ ಕೊಟ್ಟು ನಾನಾ ದೇಶಗಳ ಬಟ್ಟೆಗಳನ್ನು ವರ್ಣಿಸಿದ್ದಾನೆ. ಅದೇ ಶತಮಾನದ ಶರಣರಲ್ಲಿ ನೂಲುವ ಕದಿರ ರೆಮ್ಮವ್ವೆ ಇದ್ದಳು, ಸೂಜಿಕಾಯಕದ ರಾಮಿತಂದೆ ಇದ್ದನು. ಅವರಿಗಿಂತ ಹಿಂದಿನವನು ಮುದನೂರಿನ ನೇಕಾರ ಜೇಡರ ದಾಸಿಮಯ್ಯ. ಕದಿರು, ಸೂಜಿ, ಮಗ್ಗ ಮೂರೂ ಅನುಭಾವದ ಸಾಧನಗಳಾಗಬಲ್ಲವೆಂದು ಈ ನೆಲ ಎಂದೋ ಒಪ್ಪಿಕೊಂಡಿತ್ತು.

ಭೇದ ಬಂದದ್ದು ಬೇರೆ ಕಡೆಯಿಂದ. ಲಂಡನ್ನಿನಲ್ಲಿ 1768ರಲ್ಲಿ ರಾಯಲ್ ಅಕಾಡೆಮಿ ಎಂಬ ಕಲಾ ಸಂಸ್ಥೆ ಸ್ಥಾಪನೆಯಾಯಿತು. 1770ರಲ್ಲಿ ಅದು ತನ್ನ ಪ್ರದರ್ಶನಕ್ಕೆ ಒಂದು ನಿಯಮ ಮಾಡಿತು. ಸೂಜಿಕೆಲಸ, ಕೃತಕ ಹೂ, ಕಾಗದ ಕತ್ತರಿಸಿದ ಚಿತ್ರ, ಚಿಪ್ಪಿನ ಕೆಲಸ ಇವುಗಳಿಗೆ ಅಲ್ಲಿ ಪ್ರವೇಶವಿಲ್ಲ. ಅಂದಿನಿಂದ ಚಿತ್ರ ಮತ್ತು ಶಿಲ್ಪ ಮೇಲಿನ ಪಂಕ್ತಿಯಲ್ಲಿ, ಸೂಜಿ ಹೊರಜಗಲಿಯಲ್ಲಿ. ಆಂಗ್ಲರ ಆಳ್ವಿಕೆಯ ಕಾಲದಲ್ಲಿ ಈ ಪಂಕ್ತಿಭೇದ ಹಡಗು ಹತ್ತಿ ಇಲ್ಲಿಗೂ ಬಂತು. ಭಾರತದ ಕೈಗಾರಿಕಾ ಕಲೆಗಳನ್ನು ಕುರಿತು 1880ರಲ್ಲಿ ದೊಡ್ಡ ಗ್ರಂಥ ಬರೆದ ಜಾರ್ಜ್ ಬರ್ಡ್‌ವುಡ್ ಎಂಬ ವಿದ್ವಾಂಸನಿದ್ದನು. ಇಲ್ಲಿನ ಕುಶಲ ಕೆಲಸಗಾರರನ್ನು ಮನಸಾರೆ ಹೊಗಳಿದ ಆತನೇ ಭಾರತದಲ್ಲಿ ಲಲಿತಕಲೆ ಎಂಬುದು ಇಲ್ಲವೆಂದು ವಾದಿಸಿದನು. 1910ರಲ್ಲಿ ಲಂಡನ್ನಿನ ಸಭೆಯೊಂದರಲ್ಲಿ ಧ್ಯಾನಸ್ಥ ಬುದ್ಧನ ವಿಗ್ರಹವನ್ನು ಬೇಯಿಸಿದ ಕಡುಬಿನಂಥ ತಿಂಡಿಗೆ ಹೋಲಿಸಿ ಮಾತನಾಡಿದಾಗ ಹ್ಯಾವೆಲ್, ಆನಂದ ಕುಮಾರಸ್ವಾಮಿ ಮೊದಲಾದವರು ಕೆರಳಿದರು. ಭಾರತೀಯ ಕಲೆಯ ಪರವಾಗಿ ಇಂಡಿಯಾ ಸೊಸೈಟಿ ಎಂಬ ಸಂಘ ಅದೇ ವರ್ಷ ಹುಟ್ಟಿತು. ಈ ಬರ್ಡ್‌ವುಡ್ ಹುಟ್ಟಿದ್ದು ಎಲ್ಲಿ? ಇಂಗ್ಲೆಂಡಿನಲ್ಲಲ್ಲ. 1832ರಲ್ಲಿ, ಬೆಳಗಾವಿಯಲ್ಲಿ. ಕಸೂತಿಯ ನಾಡಿನ ನಟ್ಟನಡುವೆ.

ಯುರೋಪಿನ ಇನ್ನೊಂದು ಸಂಗತಿಯೂ ಇಲ್ಲಿ ಉಲ್ಲೇಖಾರ್ಹ. ಗವಂತಿಯಂಥ, ಹೋಗಿ ಬರುವ ಹೊಲಿಗೆ ಅಲ್ಲಿಯೂ ಉಂಟು. ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡಿನ ಅರಮನೆಯ ಸ್ತ್ರೀಯರ ತೋಳಪಟ್ಟಿಗಳ ಮೇಲೆ ಬಿಳಿ ಬಟ್ಟೆಯಲ್ಲಿ ಕಪ್ಪು ರೇಷ್ಮೆಯಿಂದ ಈ ಕೆಲಸ ಮಾಡುತ್ತಿದ್ದರು. ಎಂಟನೆಯ ಹೆನ್ರಿಯ ರಾಣಿ ಜೇನ್ ಸೀಮೋರಳ ಭಾವಚಿತ್ರವನ್ನು 1536-37ರ ಸುಮಾರಿಗೆ ಬರೆದ ಹಾನ್ಸ್ ಹೋಲ್ಬೈನ್ ಎಂಬ ಚಿತ್ರಕಾರ ಅವಳ ಮುಂಗೈಯ ಆ ಹೊಲಿಗೆಯನ್ನು ಎಳೆಎಳೆಯಾಗಿ ತೋರಿಸಿದ್ದಾನೆ. ಆಮೇಲೆ ಆ ಹೊಲಿಗೆಗೆ ಬಿದ್ದ ಹೆಸರು ಹೋಲ್ಬೈನ್ ಹೊಲಿಗೆ. ಹೊಲಿದವಳ ಹೆಸರು ಯಾರಿಗೂ ಗೊತ್ತಿಲ್ಲ. ಅವಳ ಕೆಲಸವನ್ನು ನೋಡಿ ಚಿತ್ರ ಬರೆದವನ ಹೆಸರು ಅವಳ ಹೊಲಿಗೆಗೆ ಅಂಟಿಕೊಂಡಿತು.

ಇಲ್ಲಿನ ಸ್ಥಿತಿಯೂ ಅದಕ್ಕಿಂತ ಬಹಳ ಬೇರೆಯಲ್ಲ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯಕ್ಕೆ ಹೋದರೆ ಅದನ್ನು ಕಟ್ಟಿದ ಸೂತ್ರಧಾರಿಯ ಹೆಸರು ಕಲ್ಲಿನಲ್ಲಿ ಕನ್ನಡದಲ್ಲಿ ಇದೆ. ಅವನು ಗುಂಡ, ಅನಿವಾರಿತಾಚಾರಿ ಎಂದು ಖ್ಯಾತನಾದವನು, ತ್ರಿಭುವನಾಚಾರಿ ಎಂಬ ಬಿರುದು ಪಡೆದವನು. ಎಂಟನೆಯ ಶತಮಾನದಲ್ಲಿ ಆ ಗುಡಿಯನ್ನು ಕಟ್ಟಿಸಿದ ರಾಣಿ ಲೋಕಮಹಾದೇವಿಯ ಹೆಸರೂ ಇದೆ. ಬೇಲೂರಿನ ಮದನಿಕೆಯರ ಪಾದದ ಬಳಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣರ ಹೆಸರಿದೆ. ಕಲ್ಲಿನ ಗೋಪುರಕ್ಕೆ ರುಜು ಉಂಟು. ಸೆರಗಿನ ಗೋಪುರಕ್ಕೆ ರುಜು ಇಲ್ಲ. ಗೋಪುರ, ನಂದಿ, ತೇರುಗಳನ್ನು ಎಳೆಯಲ್ಲಿ ಬಿಡಿಸಿದ ಸಾವಿರಾರು ಹೆಣ್ಣುಮಕ್ಕಳಲ್ಲಿ ಒಬ್ಬಳಾದರೂ ತನ್ನ ಹೆಸರಿನ ಎರಡಕ್ಷರವನ್ನು ಸೆರಗಿನ ಮೂಲೆಯಲ್ಲಿ ಹಾಕುವುದು ವಾಡಿಕೆಯಾಗಲಿಲ್ಲ. ಎಲ್ಲ ಎಳೆಗಳ ತುದಿಯನ್ನೂ ಒಳಗೆ ಅಡಗಿಸುವ ಕಲೆಯಲ್ಲಿ ಮಾಡಿದವಳೂ ಅಡಗಿಹೋದಳು. ಕಲ್ಲಿಗಾದರೆ ಸಾವಿರ ವರ್ಷದ ಆಯುಷ್ಯ, ಹತ್ತಿ ಬಟ್ಟೆಗೆ ಎರಡು ಮೂರು ತಲೆಮಾರು.

ಕಸೂತಿಗೆ ಮೊದಲ ಪೆಟ್ಟು ಬಿದ್ದದ್ದು ಬಟ್ಟೆಯ ಕಡೆಯಿಂದ. ಸೊಲ್ಲಾಪುರದಲ್ಲಿ 1877ರಲ್ಲಿ ಮೊದಲ ಬಟ್ಟೆಯ ಗಿರಣಿ ಏರಿತು. ಮುಂದೆ ಆ ಊರು ಗಿರಣಿಗಳ ಊರೆಂದೇ ಹೆಸರಾಯಿತು. ಸುತ್ತಲಿನ ಕನ್ನಡ, ತೆಲುಗು, ಮರಾಠಿ ಮನೆಗಳ ಎಷ್ಟೋ ಹೊಟ್ಟೆಗಳು ಆ ಭೋಂಗಾದ ಸದ್ದಿನ ಮೇಲೆ ತುಂಬಿದವು. ಗಿರಣಿಯ ಸೀರೆ ಅಗ್ಗ, ನುಣುಪು. ಆದರೆ ಅದರ ಎಳೆ ಕಣ್ಣಿಗೆ ಸಿಕ್ಕುವುದಿಲ್ಲ. ಕೈಮಗ್ಗದ ಬಟ್ಟೆಯಲ್ಲಿ ಬೆರಳಿಗೆ ಸಿಕ್ಕುತ್ತಿದ್ದ ನಾಲ್ಕು ಎಳೆ ಇಲ್ಲಿ ಸೂಜಿಮೊನೆಗೂ ಸಿಕ್ಕುವುದಿಲ್ಲ. ಎಣಿಸಲಾಗದ ಬಟ್ಟೆಯ ಮೇಲೆ ಕಸೂತಿ ಹೇಗೆ? ಇದಕ್ಕೆ ಕಂಡುಕೊಂಡ ಉಪಾಯವೆಂದರೆ ಬಟ್ಟೆಯ ಮೇಲೆ ಜಾಳಿಯ ತುಂಡೊಂದನ್ನು ಹೊಲಿದುಕೊಂಡು, ಅದರ ಕಣ್ಣುಗಳನ್ನು ಎಣಿಸಿ ಕಸೂತಿ ಹಾಕಿ, ಕೊನೆಗೆ ಜಾಳಿಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುವುದು. ಕೆಲಸ ನಡೆಯುತ್ತದೆ. ಮ್ಯಾಟಿ ಬಟ್ಟೆಯ ಮೇಲೆ ಹಾಕಿ ಕಲಿಯುವುದೂ ನಡೆದಿದೆ. ಹಳಬರಿಗೆ ಮಾತ್ರ ಇದು ಊರುಗೋಲು ಹಿಡಿದು ನಡೆದಂತೆ.

ಸ್ವಾತಂತ್ರ್ಯ ಬಂದ ಮೇಲೆ 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಲಿ ಸ್ಥಾಪನೆಯಾಗಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಅದರ ಅಧ್ಯಕ್ಷರಾದರು. ಹಳ್ಳಿಯ ಕೈಕೆಲಸಗಳನ್ನು ಪಟ್ಟಣದ ಮಾರುಕಟ್ಟೆಗೂ ವಿದ್ವಾಂಸರ ಗಮನಕ್ಕೂ ತಂದವರಲ್ಲಿ ಅವರು ಅಗ್ರಗಣ್ಯರು. ಧಾರವಾಡ, ಹುಬ್ಬಳ್ಳಿಗಳಲ್ಲಿ ಹೆಣ್ಣುಮಕ್ಕಳಿಗೆ ಕಸೂತಿ ಕಲಿಸುವ ಕೇಂದ್ರಗಳು ನಡೆದವು. ಮನೆಯ ಪೆಟ್ಟಿಗೆಯಲ್ಲಿದ್ದ ಗೋಪುರ ಮೇಜಿನ ಹಾಸು, ದಿಂಬಿನ ಹೊದಿಕೆ, ಕುರ್ತಾಗಳ ಮೇಲೆ ಬಂತು. ಇದರಿಂದ ಅನೇಕ ಹೆಣ್ಣುಮಕ್ಕಳ ಕೈಗೆ ನಾಲ್ಕು ಕಾಸು ಬಂದದ್ದು ನಿಜ. ಮಗಳಿಗೆಂದು ಹಾಕುವಾಗ ಲೆಕ್ಕವಿಲ್ಲದ ಹೊತ್ತು, ಅಂಗಡಿಗೆಂದು ಹಾಕುವಾಗ ಹೊಲಿಗೆಗೆ ಇಷ್ಟೆಂಬ ಕೂಲಿ ಎಂಬುದೂ ನಿಜ. ತೇರಿನ ಐದು ಅಂತಸ್ತು ಮೂರಕ್ಕೆ ಇಳಿದರೆ ಅದಕ್ಕೆ ಹಾಕುವವಳನ್ನು ದೂರಿ ಫಲವಿಲ್ಲ.

ಈ ಶತಮಾನದ ಮೊದಲ ದಶಕದಲ್ಲಿ ಕಸೂತಿಗೂ ಇಳಕಲ್ ಸೀರೆಗೂ ಭೌಗೋಳಿಕ ಸೂಚಕ ಎಂಬ ಸರಕಾರಿ ಮಾನ್ಯತೆ ದೊರೆಯಿತು. ಸೊಲ್ಲಾಪುರದ ಚಾದರಕ್ಕೂ ಅದೇ ಮಾನ್ಯತೆ ಉಂಟು. ಹೆಸರಿನ ದುರುಪಯೋಗ ತಡೆಯುವುದಕ್ಕೆ ಇದು ಅಗತ್ಯವೇ. ಆದರೆ ಕಸೂತಿಯನ್ನು ಕಾಗದದ ಮೇಲೆ ಕರ್ನಾಟಕದ ಕರಕುಶಲವೆಂದು ಬರೆದುಕೊಂಡಾಗ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಪೆಟ್ಟಿಗೆಗಳಲ್ಲಿರುವ ಸೀರೆಗಳು ಯಾವ ಲೆಕ್ಕಕ್ಕೆ ಸೇರುತ್ತವೆ? ವಿಜಾಪುರ, ಜಮಖಂಡಿ ಕಡೆಯಿಂದ ಸೊಸೆಯಾಗಿ ಬಂದವಳು ಆ ಸೀರೆಯನ್ನು ಉಟ್ಟೇ ಹೊಸಿಲು ದಾಟಿದಳು. ಅವಳ ಮೊಮ್ಮಗಳು ಮರಾಠಿ ಶಾಲೆಯಲ್ಲಿ ಓದಿದವಳು, ಕಸೂತಿಯ ಹೊಲಿಗೆಗಳ ಕನ್ನಡ ಹೆಸರು ಅವಳಿಗೆ ಬಾರದೆ ಇರಬಹುದು. ಆದರೆ ಸೆರಗಿನ ಮೇಲಿನ ತುಳಸಿ ಕಟ್ಟೆಯನ್ನು ಗುರುತಿಸಲು ಅವಳಿಗೆ ಯಾವ ಭಾಷೆಯೂ ಬೇಕಾಗಿಲ್ಲ.

ಈಗ ಯಂತ್ರದಲ್ಲಿ ಹಾಕಿದ ಕಸೂತಿ ಪೇಟೆಯ ತುಂಬ ಇದೆ, ಕಸೂತಿಯ ಚಿತ್ರವನ್ನು ಅಚ್ಚೊತ್ತಿದ ಸೀರೆಯೂ ಇದೆ. ದೂರದಿಂದ ನೋಡಿದರೆ ಅವೇ ಗೋಪುರ, ಅವೇ ನವಿಲು. ಕೊಳ್ಳುವವರು ಸೆರಗನ್ನು ಒಮ್ಮೆ ತಿರುವಿ ಹಾಕಿದರೆ ಸಾಕು. ಯಂತ್ರದ ಕೆಲಸದ ಹಿಂಬದಿಯಲ್ಲಿ ಬೇರೆ ದಾರದ ಸುತ್ತು, ಅಂಟಿಸಿದ ಬಟ್ಟೆ ಕಾಣುತ್ತದೆ. ಅಚ್ಚಿನ ಸೀರೆಯ ಹಿಂಬದಿ ಮಾಸಲು. ಗವಂತಿಯ ಹಿಂಬದಿಯಲ್ಲಿ ಇನ್ನೊಂದು ಮುಂಬದಿ.

ಹಳೆಯ ಸೀರೆಗಳ ಗತಿ ಏನಾಯಿತೆಂಬುದು ಪ್ರತಿ ಮನೆಗೂ ಗೊತ್ತಿರುವ ವಿಷಯ. ಜರಿ ಇದ್ದವು ಓಣಿಗೆ ಬಂದ ಪಾತ್ರೆಯವಳ ಬುಟ್ಟಿ ಸೇರಿದವು, ಬದಲಿಗೆ ಒಂದು ಸ್ಟೀಲಿನ ಡಬ್ಬಿಯೋ ಪರಾತವೋ ಬಂತು. ಹರಿದ ಹತ್ತಿಯ ಸೀರೆಗಳು ಕೌದಿಯಾದವು. ನಾಲ್ಕೈದು ಸೀರೆಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಇಟ್ಟು, ನಾಲ್ಕು ಬದಿಯಿಂದ ಸಾಲುಹೊಲಿಗೆ ಹಾಕುತ್ತ ಬರುವ ಆ ಹೊದಿಕೆಯೂ ಹೆಂಗಸರದೇ ಕೆಲಸ, ಅದಕ್ಕೂ ರುಜು ಇಲ್ಲ. ಸೀರೆ ಜೀರ್ಣವಾದರೂ ಕಸೂತಿ ಹಾಕಿದ ಸೆರಗು ಗಟ್ಟಿಯಾಗಿ ಉಳಿದಿದ್ದರೆ ಅದನ್ನು ಕತ್ತರಿಸಿ ಕೌದಿಯ ನಡುವೆ ಕೂಡಿಸಿದ ಮನೆಗಳುಂಟು. ಎಷ್ಟೋ ಸಲ ಚಿತ್ರ ಮೇಲೆ ಬಾರದೆ ಒಳಪದರಿಗೆ ಹೋಗಿರುತ್ತದೆ. ಕೌದಿ ಹಳತಾಗಿ ಮೇಲಿನ ತುಂಡು ಸವೆದಾಗ, ಹೊದ್ದುಕೊಂಡ ಮಗುವಿನ ಬೆರಳಿಗೆ ಅಲ್ಲಿ ಗಾಲಿಯ ಎಂಟು ಮೂಲೆ ತಾಕುತ್ತದೆ, ಅದರ ಮೇಲೆ ಅಂತಸ್ತುಗಳು, ಇನ್ನೂ ಮೇಲೆ ಕಳಸ.